ಎಕ್ಸ್‌ರೇಯಲ್ಲಿ ಕಂಡ ಗುಮ್ಮಟ: ಮೇಲ್ದವಡೆಯ ಸೈನಸ್ ಸಿಸ್ಟ್‌ಗಳಿಗೂ ಹಲ್ಲಿಗೂ ಇರುವ ನಂಟು

ಹುಳುಕು ಹಲ್ಲು ತೋರಿಸಲೋ, ಬಿದ್ದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಲೋ ಹೋದವರಿಗೆ ದಂತವೈದ್ಯರು ಮೊದಲು ಒಂದು ಒಪಿಜಿ ತೆಗೆಸಿಕೊಂಡು ಬರಲು ಹೇಳುವುದುಂಟು. ಒಪಿಜಿ ಎಂದರೆ ಎರಡೂ ದವಡೆಗಳನ್ನು ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ. ಅದರ ಜೊತೆಗೆ ಬರುವ ವರದಿಯಲ್ಲಿ ಕೆಲವೊಮ್ಮೆ ರೋಗಿ ನಿರೀಕ್ಷಿಸದ ಒಂದು ಸಾಲು ಇರುತ್ತದೆ: ಎಡಗಡೆಯ ಮ್ಯಾಕ್ಸಿಲರಿ ಸೈನಸ್‌ನ ತಳದಲ್ಲಿ ಗುಮ್ಮಟದ ಆಕಾರದ ನೆರಳು ಕಾಣುತ್ತಿದೆ, ಸಿಸ್ಟ್ ಇರಬಹುದು. ಹಲ್ಲಿಗೆಂದು ಹೋದವರು ಮೂಗಿನ ಚಿಂತೆ ಹೊತ್ತು ಮನೆಗೆ ಬರುತ್ತಾರೆ. ಮುಂದೆ ಬಯಾಪ್ಸಿಯೂ, ಅಂದರೆ ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಯೂ, ಆದರೆ ಮೆಟಾಪ್ಲೇಸಿಯಾ, ಹೈಪರ್‌ಪ್ಲೇಸಿಯಾ, ಕೊಲೆಸ್ಟರಾಲ್ ಕ್ಲೆಫ್ಟ್ ಎಂಬಂಥ ಪದಗಳು ಒಂದೊಂದಾಗಿ ಎದುರಾಗುತ್ತವೆ.

ಆ ನೆರಳು ಸೈನಸ್‌ನಲ್ಲೇ ಹುಟ್ಟಿದ್ದೋ ಹಲ್ಲಿನಿಂದ ಮೇಲೇರಿದ್ದೋ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಚಿಕಿತ್ಸೆ ಬೇಕೋ ಬೇಡವೋ, ಬೇಕಾದರೆ ಅದು ಯಾರ ಕೆಲಸ ಎಂಬುದೆಲ್ಲ ಅದಕ್ಕೆ ಸಿಗುವ ಉತ್ತರವನ್ನೇ ಅವಲಂಬಿಸಿದೆ.

ಮೇಲ್ಮನೆಯ ನೆಲ, ಕೆಳಮನೆಯ ತಾರಸಿ

ಕಣ್ಣಿನ ಗುಳಿಯ ಕೆಳಗೆ, ಕೆನ್ನೆಯ ಹಿಂದೆ, ಮೇಲ್ದವಡೆಯ ಎಲುಬಿನೊಳಗೆ ಗಾಳಿ ತುಂಬಿದ ಒಂದು ಟೊಳ್ಳು ಇದೆ. ಮೂಗಿನ ಎರಡೂ ಬದಿಗೆ ಒಂದೊಂದರಂತೆ ಇರುವ ಇದೇ ಮ್ಯಾಕ್ಸಿಲರಿ ಸೈನಸ್. ಮೂಗಿನ ಸುತ್ತಲಿರುವ ಸೈನಸ್‌ಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ವಯಸ್ಕರಲ್ಲಿ ಇದರ ಅಳತೆ ಸುಮಾರು 15 ಮಿಲಿಲೀಟರ್. ಹುಟ್ಟುವಾಗ ಇದು ತೀರಾ ಚಿಕ್ಕದಾಗಿರುತ್ತದೆ. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಕೆಳಗಿಳಿದಂತೆ ಅವು ತೆರವು ಮಾಡಿದ ಜಾಗಕ್ಕೆ ಸೈನಸ್ ಹರಡಿಕೊಳ್ಳುತ್ತದೆ.

ಹೀಗೆ ಹರಡಿಕೊಳ್ಳುವುದರಿಂದಲೇ ಅದರ ತಳ ಮೇಲಿನ ದವಡೆಹಲ್ಲುಗಳ ಬೇರಿನ ನೆತ್ತಿಗೆ ಬಂದು ಕೂರುತ್ತದೆ. ಮೇಲ್ಮನೆಯ ನೆಲವೇ ಕೆಳಮನೆಗೆ ತಾರಸಿಯಾದಂತೆ ಸೈನಸ್‌ನ ತಳದ ಎಲುಬೇ ಹಲ್ಲಿನ ಬೇರುಗಳಿಗೆ ಚಾವಣಿಯಾಗುತ್ತದೆ. ಮೊದಲನೆಯ ಮತ್ತು ಎರಡನೆಯ ದವಡೆಹಲ್ಲುಗಳ ಬೇರುಗಳು ಇದಕ್ಕೆ ಅತಿ ಸಮೀಪ. ಕೆಲವರಲ್ಲಿ ನಡುವೆ ಹಲವು ಮಿಲಿಮೀಟರ್ ಎಲುಬು ಇರುತ್ತದೆ, ಕೆಲವರಲ್ಲಿ ಕಾಗದದಷ್ಟು ತೆಳುವಾದ ಪದರ ಮಾತ್ರ ಇರುತ್ತದೆ, ಇನ್ನು ಕೆಲವರಲ್ಲಿ ಬೇರಿನ ತುದಿ ನೆಲವನ್ನೇ ಒಳಕ್ಕೆ ತಳ್ಳಿಕೊಂಡು ನಿಂತಿರುತ್ತದೆ.

ಈ ನೆರೆಹೊರೆ ವೈದ್ಯರ ಗಮನಕ್ಕೆ ಬಂದದ್ದು ಇಂದು ನಿನ್ನೆಯಲ್ಲ. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಈ ಟೊಳ್ಳನ್ನು ವಿವರಿಸಿದ. ಅದಕ್ಕೇ ಇದನ್ನು ಇಂದಿಗೂ ಹೈಮೋರನ ಕುಹರ ಎನ್ನುವುದುಂಟು. ಅವನು ಬರೆದಿಟ್ಟ ಒಂದು ಪ್ರಸಂಗದಲ್ಲಿ ಒಬ್ಬ ಮಹಿಳೆಯ ಕೋರೆಹಲ್ಲನ್ನು ಕಿತ್ತಾಗ ಸೈನಸ್ ತೆರೆದುಕೊಂಡು ಅಲ್ಲಿಂದ ದ್ರವ ಒಸರುತ್ತಲೇ ಇತ್ತು. ಆಕೆ ಆ ತೂತಿನೊಳಗೆ ಒಂದು ಬೆಳ್ಳಿಯ ಕಡ್ಡಿ ಹಾಕಿ ನೋಡಿದಳು. ಆಮೇಲೆ ಒಂದು ಹಕ್ಕಿಯ ಗರಿಯನ್ನು ತೂರಿಸಿದಳು. ಗರಿ ಹೆಚ್ಚುಕಡಿಮೆ ಪೂರ್ತಿಯಾಗಿ ಒಳಗೆ ಹೋದಾಗ ಅದು ಮಿದುಳನ್ನೇ ಮುಟ್ಟಿತೆಂದು ಆಕೆ ಗಾಬರಿಯಾದಳು. ಗರಿ ಹೋಗಿದ್ದು ಮಿದುಳಿಗಲ್ಲ, ಸೈನಸ್‌ನ ಟೊಳ್ಳಿನೊಳಗೆ ಸುರುಳಿ ಸುತ್ತಿಕೊಂಡಿತ್ತು.

ಮೇಲ್ಮುಖವಾಗಿ ಸಾಗುವ ಲೋಳೆ

ಸೈನಸ್‌ನ ಒಳಗೋಡೆಗೆ ಒಂದು ತೆಳುವಾದ ಒದ್ದೆ ಪೊರೆಯ ಹೊದಿಕೆ ಇದೆ. ಹದಿನೇಳನೆಯ ಶತಮಾನದ ಜರ್ಮನಿಯ ಅಂಗರಚನಾ ತಜ್ಞ ಶ್ನೈಡರ್ ಹೆಸರಿನಲ್ಲಿ ಇದನ್ನು ಶ್ನೈಡರ್ ಪೊರೆ ಎನ್ನುತ್ತಾರೆ. ಆರೋಗ್ಯವಾಗಿದ್ದಾಗ ಇದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗೂ ಕಡಿಮೆ. ಇದರ ಮೇಲ್ಮೈಯಲ್ಲಿ ಕಂಬಗಳಂತೆ ಉದ್ದವಾಗಿ ನಿಂತ ಜೀವಕೋಶಗಳಿವೆ. ಅವುಗಳ ತಲೆಯ ಮೇಲೆ ಸಿಲಿಯಾ ಎಂಬ ಕಣ್ಣಿಗೆ ಕಾಣದ ರೋಮಗಳೂ, ನಡುನಡುವೆ ಲೋಳೆ ತಯಾರಿಸುವ ಹೂಜಿಯಾಕಾರದ ಗಾಬ್ಲೆಟ್ ಕೋಶಗಳೂ ಇವೆ. ಪೊರೆಯ ಕೆಳಪದರದಲ್ಲಿ ಸಣ್ಣ ಸಣ್ಣ ಗ್ರಂಥಿಗಳಿದ್ದು, ಪ್ರತಿಯೊಂದಕ್ಕೂ ಮೇಲ್ಮೈಗೆ ತೆರೆದುಕೊಳ್ಳುವ ಸಪೂರ ನಾಳವಿದೆ.

ಸೈನಸ್ ಮೂಗಿಗೆ ತೆರೆದುಕೊಳ್ಳುವ ಕಿಂಡಿ ತಳದಲ್ಲಿಲ್ಲ, ಒಳಬದಿಯ ಗೋಡೆಯ ಮೇಲ್ತುದಿಯಲ್ಲಿದೆ. ಮೋರಿ ನೆಲಮಟ್ಟದಲ್ಲಿರದೆ ಗೋಡೆಯ ಮೇಲಿರುವ ಬಚ್ಚಲುಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ನೀರನ್ನು ಯಾರಾದರೂ ಮೇಲಕ್ಕೆ ಒಯ್ದು ಹಾಕಬೇಕು, ಇಲ್ಲದಿದ್ದರೆ ನಿಂತಲ್ಲೇ ಕೊಳೆಯುತ್ತದೆ. ಸೈನಸ್‌ನಲ್ಲಿ ಆ ಕೆಲಸವನ್ನು ಮಾಡುವುದು ಸಿಲಿಯಾ. ಗದ್ದೆಯ ಪೈರು ಗಾಳಿಗೆ ಒಂದೇ ದಿಕ್ಕಿಗೆ ಬಾಗುವಂತೆ ಅವೆಲ್ಲ ಒಟ್ಟಾಗಿ ಬಡಿಯುತ್ತಾ, ಲೋಳೆಯನ್ನೂ ಅದಕ್ಕಂಟಿದ ದೂಳು, ಬ್ಯಾಕ್ಟೀರಿಯಾಗಳನ್ನೂ ತಳದಿಂದ ಕಿಂಡಿಯತ್ತ ಏರಿಸುತ್ತವೆ. ಸಿಲಿಯಾ ಕೆಟ್ಟರೆ ಅಥವಾ ಕಿಂಡಿ ಮುಚ್ಚಿದರೆ ಸೈನಸ್‌ನ ತೊಂದರೆಗಳು ಆರಂಭವಾಗುತ್ತವೆ.

ಸೈನಸ್‌ನಲ್ಲೇ ಹುಟ್ಟುವವು

ಒಳಗೆ ದ್ರವವೋ ಅರೆದ್ರವವೋ ತುಂಬಿದ ಚೀಲವನ್ನು ಸಿಸ್ಟ್ ಎನ್ನುತ್ತಾರೆ. ಶಾಸ್ತ್ರದ ಪ್ರಕಾರ ನಿಜವಾದ ಸಿಸ್ಟ್‌ಗೆ ಜೀವಕೋಶಗಳ ಒಳಹೊದಿಕೆ ಇರಲೇಬೇಕು. ವಿಚಿತ್ರವೆಂದರೆ ಒಪಿಜಿಯಲ್ಲಿ ಹೆಚ್ಚಾಗಿ ಕಾಣಿಸುವ ಗುಮ್ಮಟಕ್ಕೆ ಆ ಹೊದಿಕೆಯೇ ಇರುವುದಿಲ್ಲ, ಹಾಗಾಗಿ ಅದನ್ನು ಸೂಡೋಸಿಸ್ಟ್, ಅಂದರೆ ಹುಸಿಸಿಸ್ಟ್ ಎಂದು ಕರೆಯುತ್ತಾರೆ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಮೇಲೆ ಬಣ್ಣ ಗುಳ್ಳೆಗಟ್ಟಿ ಉಬ್ಬುವುದನ್ನು ಮಲೆನಾಡು, ಕರಾವಳಿಯವರು ನೋಡಿರುತ್ತಾರೆ. ಅಲ್ಲಿ ಬಣ್ಣದ ಪದರ ಹರಿದಿರುವುದಿಲ್ಲ, ಅದರ ಹಿಂದೆ ನೀರು ಸೇರಿಕೊಂಡಿರುತ್ತದೆ, ಅಷ್ಟೇ. ಹುಸಿಸಿಸ್ಟ್ ಕೂಡ ಹೀಗೆಯೇ. ಉರಿಯೂತದಿಂದ ಒಸರಿದ ದ್ರವ ಪೊರೆಯ ಕೆಳಗೆ ಸೇರಿಕೊಂಡು ಪೊರೆಯನ್ನು ಗುಮ್ಮಟದಂತೆ ಎತ್ತಿರುತ್ತದೆ. ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಇರುವುದಿಲ್ಲ. ಎಷ್ಟೋ ಬಾರಿ ಅದು ತಾನಾಗಿಯೇ ಇಳಿದುಹೋಗುತ್ತದೆ. ಇದಕ್ಕೆ ಹಲ್ಲಿನ ಸೋಂಕು ಎಷ್ಟರಮಟ್ಟಿಗೆ ಕಾರಣ ಎಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಅಲರ್ಜಿ, ನೆಗಡಿ, ಒಣಹವೆಯಂಥ ಕಾರಣಗಳನ್ನೂ ಹೇಳುತ್ತಾರೆ.

ಪೊರೆಯ ಗ್ರಂಥಿಯೊಂದರ ನಾಳ ಕಟ್ಟಿಕೊಂಡು ಲೋಳೆ ಹಿಂದೆಯೇ ನಿಂತರೆ ಆಗುವುದು ರಿಟೆನ್ಷನ್ ಸಿಸ್ಟ್. ಇದು ಸಾಮಾನ್ಯವಾಗಿ ತೀರಾ ಚಿಕ್ಕದು. ಮ್ಯೂಕೋಸೀಲ್ ಇವೆರಡಕ್ಕಿಂತ ಗಂಭೀರವಾದದ್ದು. ಸೈನಸ್‌ನ ಕಿಂಡಿಯೇ ಮುಚ್ಚಿಹೋಗಿ ಇಡೀ ಟೊಳ್ಳು ಲೋಳೆಯಿಂದ ತುಂಬಿದಾಗ ಒತ್ತಡಕ್ಕೆ ಸುತ್ತಲಿನ ಎಲುಬು ತೆಳುವಾಗಿ ಹೊರಕ್ಕೆ ಉಬ್ಬುತ್ತದೆ, ಕಣ್ಣಿನ ಗುಡ್ಡೆಯೂ ಜಾಗ ಬದಲಿಸಬಹುದು. ಅದೃಷ್ಟಕ್ಕೆ ಹಣೆಯ ಮತ್ತು ಕಣ್ಣುಗಳ ನಡುವಿನ ಸೈನಸ್‌ಗಳಿಗೆ ಹೋಲಿಸಿದರೆ ಮೇಲ್ದವಡೆಯ ಸೈನಸ್‌ನಲ್ಲಿ ಇದು ಅಪರೂಪ. ಹಿಂದೆ ಯಾವಾಗಲೋ ಆದ ಶಸ್ತ್ರಚಿಕಿತ್ಸೆಯ ವೇಳೆ ಪೊರೆಯ ಚೂರೊಂದು ಎಲುಬಿನೊಳಗೆ ಸಿಕ್ಕಿಕೊಂಡು, ಹತ್ತಿಪ್ಪತ್ತು ವರ್ಷಗಳ ನಂತರ ಸಿಸ್ಟ್ ಆಗಿ ಬೆಳೆಯುವುದೂ ಉಂಟು. ಇದು ಜಪಾನಿನಿಂದ ಹೆಚ್ಚಾಗಿ ವರದಿಯಾಗಿದೆ.

ಹಲ್ಲಿನಿಂದ ಮೇಲೇರುವವು

ಹುಳುಕು ಆಳಕ್ಕಿಳಿದಾಗ ಹಲ್ಲಿನ ಒಳಗಿನ ಮೆದು ಭಾಗ, ಅಂದರೆ ನಾವು ಸಾಮಾನ್ಯವಾಗಿ ‘ನರ’ ಎನ್ನುವ ಪಲ್ಪ್, ಸೋಂಕು ತಗಲಿ ಸಾಯುತ್ತದೆ. ಅದು ಸತ್ತ ಮೇಲೆ ನೋವು ನಿಲ್ಲುತ್ತದೆ. ಹಲ್ಲು ಸರಿಹೋಯಿತೆಂದು ಎಷ್ಟೋ ಜನ ಚಿಕಿತ್ಸೆ ಬಿಡುವುದು ಈ ಹಂತದಲ್ಲೇ. ಒಳಗೆ ಬ್ಯಾಕ್ಟೀರಿಯಾಗಳು ಉಳಿದಿರುತ್ತವೆ ಮತ್ತು ಅವುಗಳ ವಿಷ ಬೇರಿನ ತುದಿಯಿಂದ ಹೊರಗೆ ಒಸರುತ್ತಿರುತ್ತದೆ.

ಅಲ್ಲಿ, ಬೇರಿನ ಸುತ್ತಲಿನ ಅಂಗಾಂಶದಲ್ಲಿ, ಹಲ್ಲು ರೂಪುಗೊಂಡ ಕಾಲದಿಂದ ಉಳಿದುಕೊಂಡ ಕೆಲವು ಜೀವಕೋಶಗಳ ಗುಂಪುಗಳು ಸುಮ್ಮನೆ ಮಲಗಿರುತ್ತವೆ. ಫ್ರಾನ್ಸಿನ ಲೂಯಿ ಚಾರ್ಲ್ಸ್ ಮಲಸ್ಸೆ 1880ರ ದಶಕದಲ್ಲಿ ಇವನ್ನು ವಿವರಿಸಿದ್ದರಿಂದ ಇವುಗಳನ್ನು ಮಲಸ್ಸೆಯ ಉಳಿಕೆಗಳು ಎನ್ನುತ್ತಾರೆ. ಉರಿಯೂತದ ರಾಸಾಯನಿಕ ಸಂದೇಶಗಳು ಇವನ್ನು ಎಚ್ಚರಗೊಳಿಸುತ್ತವೆ. ಅವು ಗುಣಿಸುತ್ತಾ ಉಂಡೆಯಾಗಿ ಬೆಳೆದಾಗ ನಡುವಿನ ಕೋಶಗಳಿಗೆ ಆಹಾರ ತಲುಪದೆ ಅವು ಸಾಯುತ್ತವೆ, ನಡುವೆ ಟೊಳ್ಳು ಹುಟ್ಟುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ನೆನೆದು ಉಬ್ಬುವಂತೆ, ಸತ್ತ ಕೋಶಗಳ ಚೂರುಗಳಿಂದ ಸಾಂದ್ರವಾದ ಆ ಟೊಳ್ಳು ಸುತ್ತಲಿನ ನೀರನ್ನು ಎಳೆದುಕೊಂಡು ಹಿಗ್ಗುತ್ತದೆ. ಜೊತೆಗೆ ಉರಿಯೂತದ ಕೋಶಗಳು ಹೊರಸೂಸುವ ವಸ್ತುಗಳು ಸುತ್ತಲಿನ ಎಲುಬನ್ನು ಕರಗಿಸಿ ಅದಕ್ಕೆ ಜಾಗ ಮಾಡಿಕೊಡುತ್ತವೆ. ಇದು ರಾಡಿಕ್ಯುಲರ್ ಸಿಸ್ಟ್, ದವಡೆಯ ಸಿಸ್ಟ್‌ಗಳಲ್ಲಿ ಅತಿ ಸಾಮಾನ್ಯವಾದದ್ದು. ಹಲ್ಲನ್ನು ಕಿತ್ತು ಸಿಸ್ಟನ್ನು ಅಲ್ಲೇ ಬಿಟ್ಟರೆ ಅದು ಉಳಿಕೆ ಸಿಸ್ಟ್ ಆಗಿ ಮುಂದುವರಿಯಬಹುದು.

ಎರಡನೆಯದು ಡೆಂಟಿಜೀರಸ್ ಸಿಸ್ಟ್. ಹೊರಗೆ ಬಾರದೆ ಎಲುಬಿನೊಳಗೇ ಉಳಿದ ಬುದ್ಧಿಹಲ್ಲು ಅಥವಾ ಕೋರೆಹಲ್ಲಿನ ತಲೆಯ ಸುತ್ತ ಇದು ಬೆಳೆಯುತ್ತದೆ. ಇದರಿಂದಾಗಿ ಹಲ್ಲು ತನ್ನ ಜಾಗ ಬಿಟ್ಟು ಸೈನಸ್‌ನ ಮೇಲ್ಭಾಗಕ್ಕೇ ತಳ್ಳಲ್ಪಡುವುದೂ ಉಂಟು. ಕಣ್ಣಿನ ಕೆಳಗೆ ದವಡೆಹಲ್ಲೊಂದು ನಿಂತಿರುವ ಎಕ್ಸ್‌ರೇಯನ್ನು ಮೊದಲ ಸಲ ನೋಡಿದವರು ನಂಬುವುದು ಕಷ್ಟ. ಮೂರನೆಯದು ಕೆರಟೋಸಿಸ್ಟ್. ಹಲ್ಲನ್ನು ರೂಪಿಸಿದ ಅಂಗಾಂಶದ ಉಳಿಕೆಯಿಂದ ಹುಟ್ಟುವ ಇದು ಮೊಂಡು ಜಾತಿಯದು, ತೆಗೆದರೂ ಮರಳಿ ಬರುವ ಸ್ವಭಾವದ್ದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಪಟ್ಟಿಗೆ ಸೇರಿಸಿತ್ತು, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೆ ತಂದಿತು.

ಬಿಳಿ ಗೆರೆ ಎಲ್ಲಿದೆ

ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿ, ಎಲುಬು ಬಿಳಿಯಾಗಿ, ದ್ರವ ಮತ್ತು ಮಾಂಸ ಇವೆರಡರ ನಡುವಿನ ಬೂದುಬಣ್ಣದಲ್ಲಿ ಕಾಣುತ್ತವೆ. ಹಾಗಾಗಿ ಒಂದೇ ಸಿಸ್ಟ್ ಎಲುಬಿನ ನಡುವೆ ಇರುವಷ್ಟು ಭಾಗದಲ್ಲಿ ಕಪ್ಪಾಗಿಯೂ, ಸೈನಸ್‌ನ ಗಾಳಿಯೊಳಕ್ಕೆ ತಲೆ ಚಾಚಿದ ಭಾಗದಲ್ಲಿ ಬೆಳ್ಳಗೂ ಕಾಣಬಹುದು.

ಸೈನಸ್‌ನ ತಳ ಒಂದು ತೆಳುವಾದ ಬಿಳಿ ಗೆರೆಯಾಗಿ ಕಾಣುತ್ತದೆ. ಅನುಭವಿ ವೈದ್ಯರ ಕಣ್ಣು ಮೊದಲು ಹುಡುಕುವುದು ಅದನ್ನೇ. ಗೆರೆ ತನ್ನ ಜಾಗದಲ್ಲಿ ನೆಟ್ಟಗೆ ಉಳಿದು, ಗುಮ್ಮಟ ಅದರ ಮೇಲೆ ಕುಳಿತಿದ್ದರೆ ಅದು ಸೈನಸ್‌ನದೇ ಸಿಸ್ಟ್. ಗೆರೆಯೇ ಗುಮ್ಮಟದ ಅಂಚಿನುದ್ದಕ್ಕೂ ಮೇಲೇರಿದ್ದರೆ ಕೆಳಗಿನಿಂದ, ಅಂದರೆ ಹಲ್ಲಿನ ಕಡೆಯಿಂದ, ಬೆಳೆದ ಸಿಸ್ಟ್ ನೆಲವನ್ನೇ ಎತ್ತಿಕೊಂಡು ಹೋಗಿದೆ ಎಂದರ್ಥ. ಸೋಂಕಿದ ಬೇರಿನ ತುದಿಯ ಮೇಲೆ, ದೇವರ ವಿಗ್ರಹದ ಹಿಂದಿನ ಪ್ರಭಾವಳಿಯಂತೆ, ಹೊಸ ಎಲುಬಿನ ಸಣ್ಣ ಕಮಾನು ಕಾಣುವುದೂ ಉಂಟು. ಅಲ್ಲಿ ಸಿಸ್ಟ್ ಇಲ್ಲದಿದ್ದರೂ ಹಲ್ಲಿನ ತೊಂದರೆ ಸೈನಸ್‌ನ ನೆಲವನ್ನು ಕೆಣಕಿದೆ ಎಂದು ಅದು ಸೂಚಿಸುತ್ತದೆ.

ಒಪಿಜಿ ಚಪ್ಪಟೆ ಚಿತ್ರವಾದ್ದರಿಂದ ಹಿಂದುಮುಂದಿನವು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ. ಸಂಶಯವಿದ್ದಲ್ಲಿ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ಅದರಷ್ಟೇ ಉಪಯುಕ್ತವಾದ, ಹೆಚ್ಚು ಖರ್ಚಿಲ್ಲದ ಇನ್ನೊಂದು ಪರೀಕ್ಷೆ ಇದೆ: ತಣ್ಣನೆಯದನ್ನು ಹಲ್ಲಿಗೆ ಮುಟ್ಟಿಸಿ ಜುಮ್ಮೆನ್ನುತ್ತದೆಯೇ ಎಂದು ಕೇಳುವುದು. ರಾಡಿಕ್ಯುಲರ್ ಸಿಸ್ಟ್ ಇರಬೇಕಾದರೆ ಹಲ್ಲು ಸತ್ತಿರಬೇಕು. ಗುಮ್ಮಟದ ಕೆಳಗಿನ ಹಲ್ಲುಗಳೆಲ್ಲ ತಂಪಿಗೆ ಸರಿಯಾಗಿ ಸ್ಪಂದಿಸಿದರೆ ಆ ಸಂಶಯ ಬಹುಪಾಲು ದೂರವಾಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಅದರ ನೀರನ್ನು ಆಲ್ಕೊಹಾಲ್‌ನಿಂದ ತೆಗೆದು, ಮೇಣದಲ್ಲಿ ಅಚ್ಚು ಹಾಕಿ, ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾಗಿ ಹೆರೆದು ಗಾಜಿನ ಮೇಲೆ ಹರಡುತ್ತಾರೆ. ಹೆಮಟಾಕ್ಸಿಲಿನ್ ಎಂಬ ಬಣ್ಣ ಕೋಶದ ನಡುಬೀಜವನ್ನು ನೀಲಿಯಾಗಿಸಿದರೆ, ಇಯೋಸಿನ್ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವೈದ್ಯರು, ಅಂದರೆ ಪೆಥಾಲಜಿಸ್ಟ್, ಆಗ ಮೊದಲು ಕೇಳುವ ಪ್ರಶ್ನೆ, ಈ ಚೀಲದ ಒಳಹೊದಿಕೆ ಯಾರದು ಎಂಬುದು.

ಹುಸಿಸಿಸ್ಟ್‌ನಲ್ಲಿ ಹೊರಮೈಗೆ ಮಾತ್ರ ಸೈನಸ್‌ನ ರೋಮವುಳ್ಳ ಪೊರೆ ಇರುತ್ತದೆ. ಅದರ ಕೆಳಗೆ ನೀರು ಕುಡಿದ ಸ್ಪಂಜಿನಂತೆ ಊದಿದ ಸಡಿಲ ಅಂಗಾಂಶವೂ, ಅಲ್ಲಲ್ಲಿ ಚದುರಿದ ಉರಿಯೂತದ ಕೋಶಗಳೂ ಕಾಣುತ್ತವೆ; ದ್ರವದ ಸುತ್ತ ಹೊದಿಕೆ ಇರುವುದಿಲ್ಲ. ರಿಟೆನ್ಷನ್ ಸಿಸ್ಟ್‌ನಲ್ಲಿ ನಾಳದ ಕೋಶಗಳದ್ದೇ ಒಳಹೊದಿಕೆಯಿದ್ದು, ನಡುವೆ ಲೋಳೆ ತುಂಬಿರುತ್ತದೆ.

ರಾಡಿಕ್ಯುಲರ್ ಸಿಸ್ಟ್‌ನ ಚಿತ್ರ ಇವುಗಳಿಗಿಂತ ಗಿಜಿಗಿಜಿಯಾದದ್ದು. ಕೆನ್ನೆಯ ಒಳಭಾಗದಲ್ಲಿರುವಂಥ ಚಪ್ಪಟೆ ಕೋಶಗಳು ಹಲವು ಪದರವಾಗಿ ಹೊದಿಕೆ ಹಾಕಿರುತ್ತವೆ. ಉರಿಯೂತ ಜೋರಿರುವಲ್ಲಿ ಈ ಹೊದಿಕೆ ಕಮಾನು ಕಮಾನಾಗಿ ಗೋಡೆಯೊಳಗೆ ಬೆಳೆದಿರುತ್ತದೆ. ವರದಿಯಲ್ಲಿ ಹೈಪರ್‌ಪ್ಲೇಸಿಯಾ ಎಂದಿದ್ದರೆ ಹೀಗೆ ಕೋಶಗಳ ಸಂಖ್ಯೆ ಹೆಚ್ಚಿದೆ ಎಂದು ತಿಳಿಯಬೇಕು. ಗೋಡೆಯ ತುಂಬ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಎಂಬ ರೋಗನಿರೋಧಕ ಕೋಶಗಳಿದ್ದರೆ ಸೋಂಕು ಹಳೆಯದು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಎದ್ದು ಕಾಣುತ್ತಿದ್ದರೆ ಅದು ಹೊಸದಾಗಿ ಕೆರಳಿದೆ. ಇವುಗಳ ನಡುವೆ ಸೂಜಿಯಾಕಾರದ ಖಾಲಿ ಸಂದುಗಳು ಕಾಣುತ್ತವೆ. ಸತ್ತ ಕೋಶಗಳ ಕವಚಗಳಿಂದ ಬಿಡುಗಡೆಯಾದ ಕೊಲೆಸ್ಟರಾಲ್ ಅಲ್ಲಿ ಹರಳುಗಟ್ಟಿತ್ತು. ಲ್ಯಾಬಿನಲ್ಲಿ ಅಂಗಾಂಶವನ್ನು ಹದಗೊಳಿಸುವಾಗ ಹರಳು ಕರಗಿಹೋಗಿ ಅದರ ಆಕಾರದ ಖಾಲಿ ಜಾಗ ಮಾತ್ರ ಉಳಿಯಿತು. ಕೊಲೆಸ್ಟರಾಲ್ ಕ್ಲೆಫ್ಟ್ ಎಂದರೆ ಇದೇ. ಈ ಪದವನ್ನು ನೋಡಿ ಊಟದಲ್ಲಿ ತುಪ್ಪ ಬಿಟ್ಟವರೂ ಇರಬಹುದು, ಆದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆ ಎಂದು ಇದರ ಅರ್ಥವಲ್ಲ.

ಕೆರಟೋಸಿಸ್ಟ್‌ನ ಹೊದಿಕೆ ಆರರಿಂದ ಎಂಟು ಕೋಶಗಳಷ್ಟು ದಪ್ಪವಾಗಿ, ಒಂದೇ ಸಮನಾಗಿ ಇರುತ್ತದೆ. ತಳದ ಕೋಶಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಂತಿದ್ದು, ಮೇಲ್ಮೈ ಅಲೆಯಲೆಯಾಗಿರುತ್ತದೆ. ಈ ಹೊದಿಕೆ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಹಾಗಾಗಿ ತೆಗೆಯುವಾಗ ಹರಿದು ಚೂರುಗಳು ಉಳಿಯುವುದು, ಉಳಿದದ್ದರಿಂದ ಸಿಸ್ಟ್ ಮರಳುವುದು ಸುಲಭ.

ಬೆಳೆ ಬದಲಾದ ಹೊಲ

ಇಷ್ಟಕ್ಕೇ ಮುಗಿದಿದ್ದರೆ ಪೆಥಾಲಜಿಸ್ಟ್ ಕೆಲಸ ಹಗುರವಾಗುತ್ತಿತ್ತು. ಕಾಲುವೆಯ ನೀರು ನಿಂತ ಮೇಲೆ ಭತ್ತದ ಗದ್ದೆಯಲ್ಲಿ ರೈತರು ರಾಗಿ ಬಿತ್ತುವಂತೆ, ದೀರ್ಘಕಾಲ ಉರಿಯೂತ ಅನುಭವಿಸಿದ ಸೈನಸ್ ಪೊರೆ ತನ್ನ ನಾಜೂಕಾದ ರೋಮದ ಕೋಶಗಳನ್ನು ಬಿಟ್ಟು, ಏಟು ತಡೆಯಬಲ್ಲ ಚಪ್ಪಟೆ ಕೋಶಗಳ ಪದರವನ್ನು ಬೆಳೆಸಿಕೊಳ್ಳುತ್ತದೆ. ಒಂದು ಬಗೆಯ ಪ್ರೌಢ ಅಂಗಾಂಶದ ಜಾಗದಲ್ಲಿ ಇನ್ನೊಂದು ಬಗೆಯದು ಬರುವ ಈ ಬದಲಾವಣೆಯೇ ಮೆಟಾಪ್ಲೇಸಿಯಾ. ಚಪ್ಪಟೆ ಕೋಶಗಳು ಬಂದಾಗ ಸ್ಕ್ವೇಮಸ್ ಮೆಟಾಪ್ಲೇಸಿಯಾ. ಇದು ಕ್ಯಾನ್ಸರ್ ಅಲ್ಲ. ಆದರೆ ಅದಕ್ಕೂ ಒಂದು ಬೆಲೆಯಿದೆ: ಚಪ್ಪಟೆ ಕೋಶಗಳಿಗೆ ಸಿಲಿಯಾ ಇಲ್ಲದ್ದರಿಂದ ಆ ಭಾಗದಲ್ಲಿ ಲೋಳೆ ಮುಂದೆ ಸಾಗದೆ ನಿಲ್ಲುತ್ತದೆ, ನಿಂತ ಲೋಳೆಯಿಂದ ಉರಿಯೂತ ಇನ್ನೂ ಹೆಚ್ಚುತ್ತದೆ. ಇದರ ಜೊತೆಗೆ ಗಾಬ್ಲೆಟ್ ಕೋಶಗಳು ಹೆಚ್ಚಾಗಿ ಲೋಳೆ ದಪ್ಪವಾಗುವುದು, ಪೊರೆಯ ಕೆಳಪದರದಲ್ಲಿ ನಾರಿನ ಅಂಗಾಂಶ ಸೇರುವುದು ಕೂಡ ನಡೆಯುತ್ತವೆ.

ಇದರ ತಿರುವುಮುರುವೂ ಆಗುತ್ತದೆ. ಮೇಲ್ದವಡೆಯ ಹಲ್ಲಿನ ಸಿಸ್ಟ್‌ಗಳ ಚಪ್ಪಟೆ ಹೊದಿಕೆಯ ನಡುವೆ ಲೋಳೆ ತಯಾರಿಸುವ ಕೋಶಗಳು, ಕೆಲವೊಮ್ಮೆ ರೋಮವುಳ್ಳ ಕೋಶಗಳೂ ಕಾಣಿಸಿಕೊಳ್ಳುತ್ತವೆ. ಸಿಸ್ಟ್ ಸೈನಸ್‌ನ ಪೊರೆಯೊಂದಿಗೆ ಬೆರೆತಿದ್ದರೆ ಎರಡೂ ಒಂದೇ ಚೂರಿನಲ್ಲಿ ಸಿಗಬಹುದು. ಆದ್ದರಿಂದಲೇ ಚೂರಿನ ಜೊತೆಗೆ ಎಕ್ಸ್‌ರೇ ಮತ್ತು ಹಲ್ಲಿನ ವಿವರವನ್ನು ಕಳಿಸದೆ ಖಚಿತ ಉತ್ತರ ಕೇಳುವುದು ನ್ಯಾಯವಲ್ಲ.

ಎಚ್ಚರಿಕೆಯಿಂದ ಓದಬೇಕಾದ ಪದ ಡಿಸ್‌ಪ್ಲೇಸಿಯಾ. ಕೋಶಗಳ ಆಕಾರ, ಜೋಡಣೆ ಎರಡೂ ದಾರಿ ತಪ್ಪಿವೆ ಎಂದು ಅದು ಹೇಳುತ್ತದೆ. ಅಂಥ ವರದಿಯನ್ನು ತಡಮಾಡದೆ ತಜ್ಞರಿಗೆ ತೋರಿಸಬೇಕು. ಕೆನ್ನೆ ಮರಗಟ್ಟುವುದು, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬರುವುದು, ಸ್ಕ್ಯಾನ್‌ನಲ್ಲಿ ಎಲುಬು ಕೊರೆದಂತೆ ಕಾಣುವುದು, ಇವು ಕೂಡ ಕಾಯಬಾರದ ಲಕ್ಷಣಗಳು.

ಸಿಸ್ಟ್ ಇಲ್ಲದೆಯೂ

ಸೋಂಕಿದ ಹಲ್ಲು ಸಿಸ್ಟ್ ಆಗದೆಯೂ ಸೈನಸ್ ಅನ್ನು ಕೆಡಿಸಬಲ್ಲದು. ಬೇರಿನ ಮೇಲಿನ ಪೊರೆ ಮಾತ್ರ ದಪ್ಪವಾಗಬಹುದು, ಇಲ್ಲವೇ ಇಡೀ ಸೈನಸ್ ಕೀವಿನಿಂದ ತುಂಬಬಹುದು. ಮೇಲ್ದವಡೆಯ ಸೈನಸೈಟಿಸ್‌ನಲ್ಲಿ, ಅಂದರೆ ಸೈನಸ್‌ನ ಉರಿಯೂತದಲ್ಲಿ, ಹಲ್ಲಿನಿಂದ ಬರುವುದು ನೂರಕ್ಕೆ 10ರಿಂದ 12ರಷ್ಟು ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು; ಸ್ಕ್ಯಾನ್‌ಗಳು ಸಾಮಾನ್ಯವಾದ ಮೇಲೆ, ಅದರಲ್ಲೂ ಒಂದೇ ಬದಿಯ ಸೈನಸೈಟಿಸ್‌ನಲ್ಲಿ, ಪ್ರಮಾಣ ಅದಕ್ಕಿಂತ ಬಹಳ ಹೆಚ್ಚೆಂದು ಗೊತ್ತಾಗಿದೆ. ನೆಗಡಿಯ ಸೈನಸೈಟಿಸ್ ಸಾಮಾನ್ಯವಾಗಿ ಎರಡೂ ಬದಿಗೆ ಬರುತ್ತದೆ. ಒಂದೇ ಬದಿ, ಅದೂ ದುರ್ವಾಸನೆಯ ಸಿಂಬಳ, ಆ್ಯಂಟಿಬಯೋಟಿಕ್ ಮುಗಿದ ಕೂಡಲೇ ಮರುಕಳಿಸುವುದು, ಇವಿಷ್ಟು ಕೂಡಿದ್ದರೆ ಹಲ್ಲನ್ನು ನೋಡಲೇಬೇಕು.

ಮೋಸ ಎದುರು ದಿಕ್ಕಿನಲ್ಲೂ ಆಗುತ್ತದೆ. ಮೇಲಿನ ದವಡೆಹಲ್ಲುಗಳಿಗೂ ಸೈನಸ್‌ನ ಪೊರೆಗೂ ಹೋಗುವ ನರಗಳು ಒಂದೇ ಕವಲಿನವು. ಹಾಗಾಗಿ ಸೈನಸ್ ತುಂಬಿದಾಗ ಒಳ್ಳೆಯ ಹಲ್ಲುಗಳೂ ನೋಯುತ್ತವೆ. ಬಗ್ಗಿದಾಗಲೋ ಮೆಟ್ಟಿಲಿಳಿಯುವಾಗಲೋ ಆ ಬದಿಯ ನಾಲ್ಕೈದು ಹಲ್ಲುಗಳು ಒಟ್ಟಿಗೆ ಮಿಡಿದರೆ, ಯಾವುದನ್ನಾದರೂ ಕೀಳಿಸುವ ಮೊದಲು ಮೂಗಿನತ್ತ ಗಮನ ಹರಿಸುವುದು ಒಳ್ಳೆಯದು.

ಯಾವುದಕ್ಕೆ ಯಾವ ಚಿಕಿತ್ಸೆ

ತೊಂದರೆ ಕೊಡದ ಹುಸಿಸಿಸ್ಟ್‌ಗೆ ಮಾಡಬೇಕಾದದ್ದು ಹೆಚ್ಚೇನಿಲ್ಲ; ಸುತ್ತಮುತ್ತ ಕೆಟ್ಟ ಹಲ್ಲಿದ್ದರೆ ಸರಿಪಡಿಸಿಕೊಂಡು, ಕೆಲವು ತಿಂಗಳ ನಂತರ ಇನ್ನೊಮ್ಮೆ ನೋಡಿದರೆ ಸಾಕು. ಇಂಪ್ಲಾಂಟ್‌ಗಾಗಿ ಸೈನಸ್ ಪೊರೆಯನ್ನು ಎತ್ತಿ ಕೆಳಗೆ ಎಲುಬು ತುಂಬಿಸುವ ಶಸ್ತ್ರಕ್ರಿಯೆ ಮಾಡುವುದಿದ್ದರೆ ಲೆಕ್ಕ ಬೇರೆ. ಗುಮ್ಮಟದಿಂದಾಗಿ ಪೊರೆ ಹರಿಯದಂತೆ, ಕಿಂಡಿ ಮುಚ್ಚದಂತೆ ಮೊದಲೇ ಯೋಜಿಸಬೇಕು. ಮ್ಯೂಕೋಸೀಲ್‌ಗೆ ಮೂಗಿನ ಮೂಲಕ ಎಂಡೋಸ್ಕೋಪಿ ಮಾಡಿ ಕಿಂಡಿಯನ್ನು ತೆರೆಯುತ್ತಾರೆ.

ರಾಡಿಕ್ಯುಲರ್ ಸಿಸ್ಟ್‌ನಲ್ಲಿ ಬೇರಿನ ಕಾಲುವೆಗೆ ತೆರೆದುಕೊಂಡಿರುವ ಬಗೆ, ಆ ಕಾಲುವೆಯನ್ನು ಶುಚಿಮಾಡಿ ತುಂಬುವ ರೂಟ್ ಕೆನಾಲ್ ಒಂದರಿಂದಲೇ ವಾಸಿಯಾಗಬಹುದು. ಪೂರ್ತಿ ಮುಚ್ಚಿಕೊಂಡ ಚೀಲವಾಗಿದ್ದರೆ ಅದನ್ನು ಹೊದಿಕೆ ಸಮೇತ ಬಿಡಿಸಿ ತೆಗೆಯಬೇಕಾಗಬಹುದು. ಸಿಸ್ಟ್ ಬಹಳ ದೊಡ್ಡದಿದ್ದು ತೆಗೆದರೆ ಸೈನಸ್ ತೆರೆದುಕೊಳ್ಳುವ ಭಯವಿದ್ದಲ್ಲಿ, ಮೊದಲು ಅದಕ್ಕೆ ಬಾಯಿಯೊಳಕ್ಕೆ ಕಿಂಡಿ ಮಾಡಿ ಒತ್ತಡ ಇಳಿಸುತ್ತಾರೆ. ಚೀಲ ತಾನಾಗಿ ಕುಗ್ಗಿದ ಮೇಲೆ ಉಳಿದದ್ದನ್ನು ತೆಗೆಯುವುದು ಸುಲಭ. ಸೈನಸ್‌ನ ರೋಗಕ್ಕೆ ಮೂಲ ಹಲ್ಲಾಗಿದ್ದಾಗ ಅದನ್ನು ಬಿಟ್ಟು ಸೈನಸ್ ಒಂದನ್ನೇ ತೊಳೆದರೆ ರೋಗ ಮರಳುತ್ತದೆ, ಹಾಗಾಗಿ ದಂತವೈದ್ಯರೂ ಇಎನ್‌ಟಿ ವೈದ್ಯರೂ ಒಂದೇ ಸ್ಕ್ಯಾನ್ ಮುಂದಿಟ್ಟುಕೊಂಡು ಮಾತಾಡಬೇಕಾಗುತ್ತದೆ.

ದವಡೆಹಲ್ಲು ಕಿತ್ತ ಮೇಲೆ ಕುಡಿದ ನೀರು ಮೂಗಿನಿಂದ ಬಂದರೆ ಬಾಯಿಗೂ ಸೈನಸ್‌ಗೂ ದಾರಿಯಾಗಿದೆ ಎಂದರ್ಥ. ಆಗ ಜೋರಾಗಿ ಸಿಂಬಳ ಸೀಟದೆ, ಸೀನು ಬಂದರೆ ಬಾಯಿ ತೆರೆದೇ ಸೀನಿ, ಸ್ಟ್ರಾ ಬಳಸದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು. ಚಿಕ್ಕ ತೂತು ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ, ದೊಡ್ಡದಕ್ಕೆ ಒಸಡನ್ನು ಎಳೆದು ಹೊಲಿಗೆ ಹಾಕುತ್ತಾರೆ.

ಸಿಸ್ಟ್ ತೆಗೆದ ಗುಳಿ ಕೂಡಲೇ ತುಂಬುವುದಿಲ್ಲ. ಎಲುಬು ಅಂಚುಗಳಿಂದ ನಡುವಿನತ್ತ ತಿಂಗಳುಗಟ್ಟಲೆ ಬೆಳೆಯುತ್ತದೆ. ಆದ್ದರಿಂದ ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಎಕ್ಸ್‌ರೇ ತೆಗೆಸಲು ಹೇಳುತ್ತಾರೆ. ಕೆರಟೋಸಿಸ್ಟ್ ಆಗಿದ್ದರೆ ಹಲವು ವರ್ಷ. ಹಳೆಯ ಮತ್ತು ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ವೈದ್ಯರು ಮತ್ತೆ ಹುಡುಕುವುದು ಸೈನಸ್ ತಳದ ಆ ಬಿಳಿ ಗೆರೆಯನ್ನು, ಅದು ಎಷ್ಟು ಕೆಳಗಿಳಿದಿದೆ ಮತ್ತು ಎಲ್ಲಿ ಇನ್ನೂ ಮಸುಕಾಗಿದೆ ಎಂಬುದನ್ನು.